ನಾಲ್ಕು ಜ್ವರದ ವೇಳಾಪಟ್ಟಿ

ಪುಟ್ಟಮಲ್ಲಪ್ಪನಿಗೆ ಯೋಜನೆಗಳಲ್ಲಿ ನಂಬಿಕೆ ಹುಟ್ಟಿದ್ದು ಸಾವಿರದ ಒಂಬೈನೂರ ಐವತ್ತಾರರ ನವೆಂಬರ್ ಒಂದನೆಯ ತಾರೀಖು. ಆ ಬೆಳಿಗ್ಗೆ ಅವನು ಎಂದಿನಂತೆ ಜಗಲಿಯಲ್ಲಿ ಕೂತು ಹಲ್ಲುಜ್ಜುತ್ತಿದ್ದಾಗ ಅವನ ಊರು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿಹೋಯಿತು. ಊರಾಗಲಿ, ಜಗಲಿಯಾಗಲಿ, ಅವನ ಬಾಯಲ್ಲಿದ್ದ ಬೇವಿನ ಕಡ್ಡಿಯಾಗಲಿ ಒಂದಂಗುಲವೂ ಅಲುಗಲಿಲ್ಲ. ಅವನು ಹದಿನೈದು ದಿನ ಕಾದ. ಕೊಳ್ಳೇಗಾಲದ ತಾಲ್ಲೂಕು ಕಚೇರಿಯ ಬೋರ್ಡಿಗೆ ಹೊಸ ಬಣ್ಣ ಬಂತು, ಬೇರೇನೂ ಆಗಲಿಲ್ಲ. ಒಂದಿಡೀ ತಾಲ್ಲೂಕನ್ನು ಸದ್ದಿಲ್ಲದೆ ಎತ್ತಿ ಇನ್ನೊಂದು ರಾಜ್ಯದಲ್ಲಿ ಇಡಬೇಕಾದರೆ ಎಲ್ಲೋ ಯಾರೋ ಕೂತು ಕಾಗದದ ಮೇಲೆ ಗೆರೆ ಎಳೆದಿರಬೇಕು, ಲೋಕ ನಡೆಯುವುದು ಹೀಗೆಯೇ ಇರಬೇಕು ಎಂದು ತೀರ್ಮಾನಿಸಿದ. ಅಂದಿನಿಂದ ತಾನೂ ಗೆರೆ ಎಳೆಯತೊಡಗಿದ.

ಕಾಮಗೆರೆಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಕ್ಕೆ ನಡೆದರೆ ಅವನ ಹಳ್ಳಿ. ಬಾವಿ ನೀರಿನಲ್ಲಿ ಬೆಳೆದ ಎರಡೆಕರೆ ಹಿಪ್ಪುನೇರಳೆ, ಮನೆಯ ಹಿಂದೆ ರೇಷ್ಮೆಹುಳು ಸಾಕುವ ಉದ್ದನೆಯ ಹುಳುಮನೆ, ಆ ಹುಳುಮನೆಗೆ ಒಡತಿಯಾಗಿ ಅವನ ತಾಯಿ ದೊಡ್ಡಬಸಮ್ಮ. ಪುಟ್ಟಮಲ್ಲಪ್ಪ ಹೊಲಕ್ಕೆ ಯಜಮಾನ, ಊರ ಪಂಚಾಯಿತಿಗೆ ಮೆಂಬರು. ಹುಳುಮನೆಯ ಬಾಗಿಲಲ್ಲಿ ಮಾತ್ರ ಸೊಪ್ಪು ಹೊತ್ತು ತರುವ ಆಳು.

ಅವರದು ಲಿಂಗ ಕಟ್ಟಿದ ಮನೆತನ. ಹೆಂಗಸರ ತಿಂಗಳ ಮೂರು ದಿನಗಳನ್ನು ಆ ಮನೆಯಲ್ಲಿ ಯಾರೂ ಸೂತಕವೆಂದು ಎಣಿಸುತ್ತಿರಲಿಲ್ಲ. ಒಲೆ ಹಚ್ಚಬಹುದಿತ್ತು, ಪೂಜೆ ಮಾಡಬಹುದಿತ್ತು. ಆದರೆ ಹುಳುಗಳಿಗೆ ಲಿಂಗಧಾರಣೆಯಾಗಿರಲಿಲ್ಲ. ಹುಳುಮನೆಯ ಹೊಸ್ತಿಲಿನಿಂದಾಚೆಗೆ ದೊಡ್ಡಬಸಮ್ಮನ ಕಾನೂನು ಬೇರೆ: ಊರ ಜನ ಇಣುಕಬಾರದು, ಒಗ್ಗರಣೆ ಹಾಕಿದ ಕೈಯಲ್ಲಿ ಹುಳುವಿನ ತಟ್ಟೆ ಮುಟ್ಟಬಾರದು, ಆ ಮೂರು ದಿನದವಳು ಹೊಸ್ತಿಲು ತುಳಿಯಬಾರದು. ಈ ಕಾನೂನು ಮದರಾಸಿನ ಕಾಲದಲ್ಲೂ ಇತ್ತು, ಮೈಸೂರಿನ ಕಾಲದಲ್ಲೂ ಮುಂದುವರಿಯಿತು.

ಪುಟ್ಟಮಲ್ಲಪ್ಪನ ಒಬ್ಬಳೇ ಮಗಳು ಶಿವರತ್ನಮ್ಮ, ಮನೆಯಲ್ಲಿ ರತ್ನಿ. ಅರವತ್ತೈದರಲ್ಲಿ ಅವಳು ಏಳನೆಯ ತರಗತಿ ಮುಗಿಸಿದಳು. ಅಲ್ಲಿಂದ ಮುಂದೆ ಓದಬೇಕಾದರೆ ದಿನವೂ ಬಸ್ಸು ಹತ್ತಿ ಕೊಳ್ಳೇಗಾಲದ ಹೈಸ್ಕೂಲಿಗೆ ಹೋಗಬೇಕಿತ್ತು. ದೊಡ್ಡಬಸಮ್ಮ ಬೇಡವೆಂದಳು. ದೊಡ್ಡವಳಾದ ಹುಡುಗಿ ಬಸ್ಸು ಹತ್ತಬಾರದು ಎಂಬುದು ಅವಳು ಎಲ್ಲರಿಗೂ ಹೇಳಿದ ಕಾರಣ. ಹೇಳದ ಕಾರಣ ಅವಳ ಕಣ್ಣುಗಳಲ್ಲಿತ್ತು. ಹುಳು ಹಣ್ಣಾದಾಗ, ಅಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಸಿದ್ಧವಾದಾಗ, ಅದರ ಮೈ ಗಾಜಿನಂತೆ ತಿಳಿಯಾಗುತ್ತದೆ. ಸಾವಿರಾರು ಹುಳುಗಳ ನಡುವೆ ಅಂಥವನ್ನೇ ಗುರುತಿಸಿ, ನೋಯಿಸದೆ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಹುಳು ತಟ್ಟೆಯಲ್ಲೇ ನೂಲು ಸುರಿದು ಹಾಳಾಗುತ್ತದೆ. ದೊಡ್ಡಬಸಮ್ಮನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಮೊಮ್ಮಗಳ ಕಣ್ಣುಗಳನ್ನು ಅವಳು ಕೊಳ್ಳೇಗಾಲಕ್ಕೆ ಕಳಿಸುವಂತಿರಲಿಲ್ಲ.

ಪುಟ್ಟಮಲ್ಲಪ್ಪ ತಾಯಿಗೆ ಎದುರಾಡಿದವನಲ್ಲ. ಅವನು ಒಂದು ವಾರ ಸುಮ್ಮನಿದ್ದು, ಎಂಟನೆಯ ದಿನ ಉಣ್ಣುವಾಗ ಹೇಳಿದ.

"ರತ್ನಿ ಮನೇಲೇ ಓದ್ತಳೆ ಕಣವ್ವ. ಮೂರ್ ವರ್ಸ ಓದಿ, ಎಸ್ಸೆಸ್ಸೆಲ್ಸಿ ಪರೀಕ್ಸೆ ಮಾತ್ರ ಕೊಳ್ಳೇಗಾಲದಲ್ಲಿ ಕಟ್ತಳೆ."

"ಇಸ್ಕೂಲಿಗೆ ಓಗ್ದೆ ಇಸ್ಕೂಲು ಓದದಾ? ನೀನು ಓಗೇ ಓದ್ನಿಲ್ಲವಲ್ಲೊ."

ಇದು ನಿಜ. ಪುಟ್ಟಮಲ್ಲಪ್ಪ ಮದರಾಸಿನ ಕಾಲದಲ್ಲಿ ನಾಲ್ಕನೆಯ ಫಾರಮ್ಮಿನವರೆಗೆ, ಅಂದರೆ ಒಂಬತ್ತನೆಯ ತರಗತಿಯವರೆಗೆ, ಹೋಗಿ ಹಿಂತಿರುಗಿದ್ದ.

"ಉಳದ ಕೆಲ್ಸ ಒಂದು ಗಳಿಗೆನೂ ತಪ್ಪಕಿಲ್ಲ ಕಣವ್ವ. ಪಟ್ಟಿ ಮಾಡಿವ್ನಿ," ಎಂದ.

"ಎಷ್ಟ್ ಸಲ ಕಟ್ಟಾಳು?"

"ಒಂದೇ ಸಲ."

"ಒಂದು ಅಂದ್ರೆ ಒಂದೇಯ. ಪಾಸಾದ್ರೆ ನಿನ್ ಪಟ್ಟಿ ಏಳ್ದಂಗೆ ಆಗ್ಲಿ. ಆಗ್ದಿದ್ರೆ ಯಳಂದೂರಲ್ಲಿ ನನ್ ತಮ್ಮನ ಮೊಮ್ಮಗ ಅವ್ನೆ."

ರತ್ನಿ ಮುದ್ದೆ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ಯಳಂದೂರಿನ ಆ ಹುಡುಗನನ್ನು ಅವಳು ಒಂದು ಮದುವೆಯಲ್ಲಿ ನೋಡಿದ್ದಳು. ಊಟದ ಪಂಕ್ತಿಯಲ್ಲಿ ಅವನು ಪಾಯಸ ಬರುವವರೆಗೂ ತನ್ನ ಸೈಕಲ್ಲಿನ ಡೈನಮೋ ವಿಷಯ ಹೇಳಿದ್ದ. ಪಾಯಸ ಬಂದ ಮೇಲೆ ಬೆಲ್ಲಿನ ವಿಷಯ ಹೇಳಿದ್ದ.

"ಓದ್ತೀನಿ ಅಜ್ಜಿ," ಎಂದಳು.

ಪಟ್ಟಿಯ ಹುಟ್ಟು ಹೀಗೆ. ರೇಷ್ಮೆಹುಳು ಮೊಟ್ಟೆಯೊಡೆದು ಗೂಡು ಕಟ್ಟುವವರೆಗಿನ ಇಪ್ಪತ್ತಾರು ಇಪ್ಪತ್ತೇಳು ದಿನಗಳಲ್ಲಿ ನಾಲ್ಕು ಸಲ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲುಗಾಡದೆ ಕೂತು, ಹಳೆಯ ಚರ್ಮ ಕಳಚುತ್ತದೆ. ಇದಕ್ಕೆ ಹುಳು ಸಾಕುವವರು ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತ ದಿನ ಸೊಪ್ಪು ಕೊಯ್ಯುವಂತಿಲ್ಲ, ಹಾಕುವಂತಿಲ್ಲ, ಹುಳುಮನೆಯಲ್ಲಿ ಜೋರಾಗಿ ಮಾತಾಡುವಂತಿಲ್ಲ. ಓದಲು ಇದಕ್ಕಿಂತ ಒಳ್ಳೆಯ ದಿನವನ್ನು ಯಾವ ಸರ್ಕಾರವೂ ಕೊಡಲಾರದು ಎಂಬುದು ಪುಟ್ಟಮಲ್ಲಪ್ಪನಿಗೆ ಹೊಳೆಯಿತು. ಮೊದಲನೆಯ ಜ್ವರ ಕನ್ನಡಕ್ಕೆ, ಎರಡನೆಯದು ಸಮಾಜ ವಿಜ್ಞಾನಕ್ಕೆ, ಮೂರನೆಯದು ಸಾಮಾನ್ಯ ವಿಜ್ಞಾನಕ್ಕೆ. ನಾಲ್ಕನೆಯ ಜ್ವರ ಎಲ್ಲಕ್ಕಿಂತ ದೀರ್ಘವಾದ್ದರಿಂದ ಗಣಿತಕ್ಕೆ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವು ಹಿಂದಿಗೆ ಮತ್ತು ಪುನರಾವರ್ತನೆಗೆ.

ಇಂಗ್ಲೀಷು ಉಳಿಯಿತು. ಅದನ್ನು ಎಲ್ಲಿ ಸೇರಿಸುವುದೆಂದು ತೋಚದೆ ಅವನು ಎರಡು ದಿನ ಪೆನ್ಸಿಲ್ ಕಚ್ಚಿಕೊಂಡು ಕೂತ. ಕೊನೆಗೆ ಅವನ ಹೆಂಡತಿ ಚೆಲುವಮ್ಮ ರಾಗಿ ಕೇರುತ್ತ, ಮೊರದಿಂದ ತಲೆಯೆತ್ತದೆ ಹೇಳಿದಳು: "ತಿಂಗಳಿಗೆ ಮೂರು ದಿನ ಅವ್ಳು ಉಳದ ಮನೆಗೆ ಓಗಂಗೇ ಇಲ್ವಲ್ಲ."

ಪುಟ್ಟಮಲ್ಲಪ್ಪ ಎದ್ದು ಹೊಲದ ಕಡೆ ಹೋಗಿ, ಒಂದು ಸುತ್ತು ಹಾಕಿ ಬಂದು, ಪಟ್ಟಿಯ ಮೂಲೆಯಲ್ಲಿ "ಇಂಗ್ಲೀಷ್, ಮೂರು ದಿನ" ಎಂದು ಬರೆದ. ಅಂದಿನಿಂದ ಪ್ರತಿ ತಿಂಗಳೂ ಚೆಲುವಮ್ಮ ಅವನಿಗೆ "ಇವತ್ತಿನಿಂದ ಇಂಗ್ಲೀಷು" ಎಂದಷ್ಟೇ ಹೇಳುತ್ತಿದ್ದಳು. ಅವನು ಪಟ್ಟಿಯಲ್ಲಿ ಆ ತಾರೀಖಿಗೆ ಒಂದು ಸೊನ್ನೆ ಹಾಕುತ್ತಿದ್ದ. ತನ್ನ ಮಗಳ ವಿಷಯದಲ್ಲಿ ಇಂಥ ದಾಖಲೆ ಇಟ್ಟ ತಂದೆ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದಂತೆ ಕಾಣೆ. ಅವನಿಗೆ ಅದು ಇಂಗ್ಲೀಷಿನ ದಾಖಲೆ ಮಾತ್ರವಾಗಿತ್ತು.

ಪಟ್ಟಿಯನ್ನು ಬರೆದದ್ದು ಶಿವಪಾರ್ವತಿಯರ ಚಿತ್ರವಿದ್ದ ಗೋಡೆ ಕ್ಯಾಲೆಂಡರೊಂದರ ಹಿಂಬದಿಯಲ್ಲಿ. ದೇವರ ಮುಖ ಗೋಡೆಗೆ ಮಾಡಿ ತೂಗುಹಾಕಿದ್ದನ್ನು ದೊಡ್ಡಬಸಮ್ಮ ಒಪ್ಪಲಿಲ್ಲ. ಹಾಗಾಗಿ ದೇವರು ಈಚೆಗೆ, ಪಟ್ಟಿ ಆಚೆಗೆ ಆಯಿತು. ಪಟ್ಟಿ ನೋಡಬೇಕಾದಾಗಲೆಲ್ಲ ಪುಟ್ಟಮಲ್ಲಪ್ಪ ಕೈಮುಗಿದು, ಶಿವಪಾರ್ವತಿಯರನ್ನು ಮಗುಚಿ, ಓದಿ, ಮತ್ತೆ ತಿರುಗಿಸುತ್ತಿದ್ದ.

ಪರೀಕ್ಷೆಯ ಮುಂದಿನ ಕಲಂಗಳೂ ಅದರಲ್ಲಿದ್ದವು. ಎಸ್ಸೆಸ್ಸೆಲ್ಸಿ ಆದಮೇಲೆ ಟೀಚರ್ ಟ್ರೈನಿಂಗ್, ಅದಾದಮೇಲೆ ಕಾಮಗೆರೆಯ ಸುತ್ತಿನ ಯಾವುದಾದರೂ ಶಾಲೆಯಲ್ಲಿ ಕೆಲಸ, ಕೊನೆಯ ಕಲಂನಲ್ಲಿ "ಕ್ರಿ.ಶ. ೨೦೦೬, ನಿವೃತ್ತಿ."

ಕಾಮಗೆರೆಯಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರ್ ಶಿವರುದ್ರಸ್ವಾಮಿಗಳು ಪಾಠ ಹೇಳಲು ಒಪ್ಪಿದರು. ಪಟ್ಟಿಯನ್ನು ಮೊದಲ ಸಲ ನೋಡಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಮಲ್ಲಪ್ಪ, ನಾನು ಮೂವತ್ತೆರಡು ವರ್ಷ ಟೈಂಟೇಬಲ್ ಹಾಕಿದೀನಿ. ಜ್ವರ ಬಂದ ದಿನ ಮಕ್ಕಳಿಗೆ ರಜಾ ಕೊಡ್ತಿದ್ದೆ."

"ಇದು ಉಳಕ್ಕೆ ಬರೋ ಜ್ವರ, ಸಾ."

"ಅದು ಅರ್ಥವಾಯ್ತು. ಹುಳಕ್ಕೆ ಗಣಿತ ಯಾವಾಗ ಬರುತ್ತೆ ಅಂತ ನನಗೆ ಹೇಳಿಕಳಿಸು, ಅವತ್ತು ಬರ್ತೀನಿ."

ಅಂತೆಯೇ ಹುಳು ತಲೆಯೆತ್ತಿದ ದಿನ ಯಾರಾದರೂ ಕಾಮಗೆರೆಗೆ ಹೋಗಿ "ಸಾ, ನಾಲ್ಕನೇ ಜ್ವರ" ಎಂದರೆ ಅವರು ಜ್ಯಾಮಿತಿಯ ಪೆಟ್ಟಿಗೆ ತೆಗೆದುಕೊಂಡು ಹೊರಡುತ್ತಿದ್ದರು.

ಐಚ್ಛಿಕ ವಿಷಯಗಳನ್ನು ಆರಿಸುವಾಗ ಮಾತ್ರ ತೊಡಕಾಯಿತು. ರತ್ನಿ ಹಿಂದೊಮ್ಮೆ ಅಜ್ಜಿಯ ಜೊತೆ ಮೊಟ್ಟೆ ತರಲು ಕೊಳ್ಳೇಗಾಲದ ಬಿತ್ತನೆ ಕೋಠಿಗೆ ಹೋಗಿದ್ದಳು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ನಿರೋಗಿಯಾದರೆ ಮಾತ್ರ ಆ ಮೊಟ್ಟೆಯನ್ನು ರೈತರಿಗೆ ಕೊಡುವ ಜಾಗ ಅದು. ಅಲ್ಲಿದ್ದವರೊಬ್ಬರು ಅವಳಿಗೂ ಒಮ್ಮೆ ಕಣ್ಣಿಟ್ಟು ನೋಡಲು ಬಿಟ್ಟಿದ್ದರು. ಅವಳಿಗೆ ಜೀವಶಾಸ್ತ್ರ ಬೇಕಾಗಿತ್ತು. ಪುಟ್ಟಮಲ್ಲಪ್ಪ ಹೈಸ್ಕೂಲೊಂದರ ಗುಮಾಸ್ತನ ಮುಂದೆ ನಿಂತು ಕೇಳಿದ.

"ಪ್ರೈವೇಟಾಗಿ ಕಟ್ಟೋರಿಗೆ ಪ್ರಯೋಗ ಇರೋ ವಿಷ್ಯ ಕೊಡಾಕಾಗಲ್ಲ ಕಣ್ರಿ," ಎಂದ ಗುಮಾಸ್ತ.

"ಮನೇಲಿ ಉಳ ಸಾಕ್ತೀವಿ, ಸಾ. ವರ್ಸಕ್ಕೆ ಐದು ಬೆಳೆ."

"ಅದು ಪ್ರಯೋಗ ಅಲ್ಲ. ಕಸುಬು. ಚರಿತ್ರೆ ಬರ್ಕೊಳ್ಳಲಾ?"

ಚರಿತ್ರೆ ಬರೆದುಕೊಂಡರು. ರತ್ನಿ ಮೂರು ವರ್ಷ ಮೊಘಲರ ವಂಶಾವಳಿಯನ್ನು ಸೊಪ್ಪು ಹೆಚ್ಚುತ್ತ ಉರುಹೊಡೆದಳು. ತಾನು ಓದಬೇಕೆಂದದ್ದನ್ನು ಬಿಟ್ಟು ಉಳಿದೆಲ್ಲವನ್ನೂ ಓದುತ್ತಿರುವುದರ ಬಗ್ಗೆ ಅವಳು ಏನೂ ಹೇಳಲಿಲ್ಲ. ಪುಟ್ಟಮಲ್ಲಪ್ಪ ಕೇಳಲೂ ಇಲ್ಲ. ಪಟ್ಟಿಯಲ್ಲಿ ಅದಕ್ಕೆ ಕಲಂ ಇರಲಿಲ್ಲ.

ಅರವತ್ತೆಂಟರ ಏಪ್ರಿಲ್‌ನಲ್ಲಿ ಪರೀಕ್ಷೆ. ಸೋಮವಾರ ಶುರು, ಶನಿವಾರ ಮುಕ್ತಾಯ. ಹಾಲ್ ಟಿಕೆಟ್ಟಿಗೆ ಬೇಕೆಂದು ಕೊಳ್ಳೇಗಾಲದ ಸ್ಟುಡಿಯೋದಲ್ಲಿ ಅವಳ ಫೋಟೋ ತೆಗೆಸಿ ಆಗಿತ್ತು. ಪುಟ್ಟಮಲ್ಲಪ್ಪ ಬೇಸಿಗೆಯ ಬೆಳೆಯನ್ನು ಹಿಮ್ಮುಖವಾಗಿ ಎಣಿಸಿ, ಪರೀಕ್ಷೆಯ ಹಿಂದಿನ ವಾರದ ಬುಧವಾರ ಹುಳು ಹಣ್ಣಾಗಿ, ಶುಕ್ರವಾರದೊಳಗೆ ಎಲ್ಲ ಚಂದ್ರಿಕೆ ಹತ್ತಿ, ಶನಿವಾರ ರತ್ನಿ ತಲೆಗೆ ಎಣ್ಣೆ ಹಚ್ಚಿಕೊಳ್ಳುವಂತೆ ಮೊಟ್ಟೆ ತರುವ ದಿನವನ್ನು ಗೊತ್ತುಮಾಡಿದ್ದ. ಪರೀಕ್ಷೆಯ ಆರು ದಿನವೂ ತಾನು ಶಾಲೆಯ ಹೊರಗೆ ಮರದ ನೆರಳಲ್ಲಿ ಒಂದು ತಂಬಿಗೆ ನೀರಿಟ್ಟುಕೊಂಡು ಕೂತಿರುವುದಾಗಿಯೂ ಬರೆದುಕೊಂಡಿದ್ದ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಹುಳು ಎರಡನೆಯ ಜ್ವರದಿಂದ ಎದ್ದ ಮರುದಿನ, ಕಾಲವಲ್ಲದ ಕಾಲದಲ್ಲಿ ಮಳೆ ಬಂತು. ಮೂರು ದಿನ ಬಿಡದೆ ಹುಯ್ಯಿತು. ನೆನೆದ ಸೊಪ್ಪನ್ನು ಹುಳುವಿಗೆ ಹಾಕಿದರೆ ರೋಗ ಬರುತ್ತದೆ. ಎಲೆಯನ್ನು ಪಂಚೆಯ ಮೇಲೆ ಹರಡಿ, ಬೀಸಣಿಗೆಯಲ್ಲಿ ಆರಿಸಿ, ಎರಡು ಹೊತ್ತಿನ ಸೊಪ್ಪನ್ನು ಒಂದು ಹೊತ್ತಿಗೆ ಹಾಕಿದರು. ಥಂಡಿಗೆ ಹುಳುಗಳು ಮಂಕಾದವು. ಮೂರನೆಯ ಜ್ವರಕ್ಕೆ ಎರಡು ದಿನ ತಡವಾಗಿ ಕೂತವು, ನಾಲ್ಕನೆಯದರಿಂದ ಇನ್ನೂ ಎರಡು ದಿನ ತಡವಾಗಿ ಎದ್ದವು. ಬುಧವಾರ ಹಣ್ಣಾಗಬೇಕಿದ್ದ ಹುಳು ಭಾನುವಾರದವರೆಗೂ ಮಳೆ ಸುರಿದಂತೆ ಸದ್ದು ಮಾಡುತ್ತ ಸೊಪ್ಪು ತಿಂದವು.

ಭಾನುವಾರ ಬೆಳಿಗ್ಗೆ ಸದ್ದು ತಗ್ಗಿತು. ರತ್ನಿ ಒಂದು ಹುಳುವನ್ನು ಬಾಗಿಲ ಬೆಳಕಿಗೆ ಹಿಡಿದಳು. ಅದರಾಚೆಗಿದ್ದ ಅವಳ ಬೆರಳು ಮಸುಕಾಗಿ ಕಂಡಿತು.

"ಬಂತಾ?" ಎಂದಳು ದೊಡ್ಡಬಸಮ್ಮ, ತಟ್ಟೆಗಳ ನಡುವಿನಿಂದ.

"ಬಂತು ಅಜ್ಜಿ."

ಪುಟ್ಟಮಲ್ಲಪ್ಪ ಹೊಸ್ತಿಲ ಆಚೆ ನಿಂತು, "ಅವ್ವ, ನಾಳೆ ಪರೀಕ್ಸೆ," ಎಂದ.

"ಉಳ ಅಣ್ಣಾಗೋ ದಿನ ಮನೆ ಬುಟ್ಟು ಓಗೋರ ನಾನು ಕಂಡಿಲ್ಲ ಕಣ್ಲಾ. ನಲವತ್ತು ತಟ್ಟೆ ಅವೆ. ನಂಗೆ ಕಣ್ಣಿಲ್ಲ, ನಿನ್ ಎಂಡ್ರು ಅಸೀದನ್ನೆಲ್ಲ ಅಣ್ಣು ಅಂತಾಳೆ. ಇವ್ಳ ಕೈ ಇಲ್ದೆ ಒಂದ್ ಬೆಳೆ ಮಣ್ಣಾಯ್ತದೆ."

"ಒಂದೇ ಸಲ ಅಂತ ನೀನೇ ಏಳಿದ್ದೆ."

"ಏಳಿದ್ದೆ. ಉಳ ಏಳಿರ್ನಿಲ್ಲ."

ನಲವತ್ತಾರು ವರ್ಷದಲ್ಲಿ ಅವನು ತಾಯಿಯ ಮುಂದೆ ಅಷ್ಟು ದೂರ ಬಂದದ್ದೇ ಹೆಚ್ಚು. ತಲೆ ತಗ್ಗಿಸಿಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕೂತ. ಯಳಂದೂರಿನಲ್ಲಿ ಸೈಕಲ್ಲಿನ ಬೆಲ್ಲು ಬಾರಿಸಿದ್ದು ತನಗೆ ಕೇಳಿಸಿತೆಂದು ಅವನು ಆಮೇಲೆ ಶಿವರುದ್ರಸ್ವಾಮಿಗಳಿಗೆ ಹೇಳಿದ, ಅವರು ನಗಲಿಲ್ಲ.

ಅವನು ಹಿಂತಿರುಗಿದಾಗ ಹುಳುಮನೆಯ ಬಾಗಿಲಲ್ಲಿ ಮೂವರು ಹೆಂಗಸರಿದ್ದರು. ರತ್ನಿ ಹೊಸ್ತಿಲಿನಿಂದ ಹತ್ತಡಿ ಈಚೆಗೆ, ಅಂಗಳದ ಕಲ್ಲಿನ ಮೇಲೆ, ಇಂಗ್ಲೀಷ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚೆಲುವಮ್ಮ ಸೆರಗಿನ ಅಂಚು ನೋಡಿಕೊಳ್ಳುತ್ತಿದ್ದಳು. ದೊಡ್ಡಬಸಮ್ಮ ಒಳಗಿನಿಂದ ಹೊಸ್ತಿಲಿಗೆ ಬಂದು ನಿಂತಿದ್ದಳು.

"ನಾನು ಒಳಕ್ಕೆ ಬರಂಗಿಲ್ಲ ಅಜ್ಜಿ," ಎಂದಳು ರತ್ನಿ.

"ಈಗಿನ್ನೂ ಒಳ್ಗೇ ಇದ್ದೆಯಲ್ಲಮ್ಮಿ?"

"ಈಗಾಯ್ತು."

ದೊಡ್ಡಬಸಮ್ಮ ಸೊಸೆಯ ಕಡೆ ತಿರುಗಿದಳು. ಸೊಸೆ ಸೆರಗಿನ ಅಂಚನ್ನು ಇನ್ನಷ್ಟು ಹತ್ತಿರದಿಂದ ನೋಡಿದಳು. ದೊಡ್ಡಬಸಮ್ಮ ಮಗನ ಹೆಜ್ಜೆಯ ಸದ್ದು ಬಂದತ್ತ ಮುಖ ಮಾಡಿದಳು.

"ಪುಟ್ಟಮಲ್ಲ, ಇವ್ಳ ಇಂಗ್ಲೀಷು ಯಾವತ್ತು ಅಂತ ನಿನ್ ಪಟ್ಟೀಲಿ ಬರ್ದಿದ್ದೀಯಲ್ಲ. ತಕಂಬಾ. ಓದು."

ಪುಟ್ಟಮಲ್ಲಪ್ಪ ಒಳಗೆ ಹೋಗಿ ಕ್ಯಾಲೆಂಡರ್ ಇಳಿಸಿ ತಂದ. ಅಂಗಳದ ಬಿಸಿಲಲ್ಲಿ ಕೈಮುಗಿದು ಅದನ್ನು ಮಗುಚಿದ. ಸೊನ್ನೆ ಸ್ಪಷ್ಟವಾಗಿತ್ತು. ಅದು ಹನ್ನೊಂದು ದಿನದ ಹಿಂದಿನ ತಾರೀಖಿನ ಮೇಲಿತ್ತು. ಅವನ ಕೈಯ ಸೊನ್ನೆ, ಅವನ ಪೆನ್ಸಿಲ್ಲು. ಮೂರು ವರ್ಷದಲ್ಲಿ ಈ ಪಟ್ಟಿಯಲ್ಲಿ ಅವನು ಒಂದೇ ಒಂದು ಸುಳ್ಳು ತಾರೀಖು ಬರೆದಿರಲಿಲ್ಲ. ಅದು ಅವನ ಹೆಮ್ಮೆಯಾಗಿತ್ತು. ಮಗಳು ಪುಸ್ತಕದಿಂದ ತಲೆಯೆತ್ತಿರಲಿಲ್ಲ. ಆದರೆ ಹಾಳೆಯನ್ನೂ ತಿರುಗಿಸುತ್ತಿರಲಿಲ್ಲ.

ಶಿವಪಾರ್ವತಿಯರ ಮುಖ ನೆಲದ ಕಡೆಗಿದೆಯೇ ಎಂದು ಅವನು ಒಮ್ಮೆ ನೋಡಿಕೊಂಡ.

"ಇವತ್ತೇಯ ಅವ್ವ," ಎಂದ. "ಏಪ್ರಿಲ್, ಭಾನುವಾರ. ಇಂಗ್ಲೀಷು."

"ಎಷ್ಟ್ ದಿನ?"

"ಏಳು ದಿನ."

"ಮೂರಲ್ವಾ ಯಾವಾಗ್ಲೂ?"

"ಪರೀಕ್ಸೆ ಟೈಮಲ್ಲಿ ಏಳು ಅಂತ ಬರ್ದದೆ."

ಒಳಗೆ ನಲವತ್ತು ತಟ್ಟೆ ಹುಳು ಒಂದೊಂದಾಗಿ ತಲೆಯೆತ್ತುತ್ತಿದ್ದವು. ದೊಡ್ಡಬಸಮ್ಮನ ಕಾನೂನನ್ನು ಅವಳ ಕಣ್ಣೆದುರಿಗೇ ಯಾರೂ ಮುರಿದಿರಲಿಲ್ಲ. ಈಗ ಮುರಿಯಬೇಕಾದರೆ ಅವಳೇ ಮುರಿಯಬೇಕಿತ್ತು.

"ಸರಿ," ಎಂದಳು ಕೊನೆಗೆ. "ಆ ದಿನ್ದೋಳು ಉಳದ ಮನೆಗೆ ಬರಬಾರ್ದು. ಕೊಳ್ಳೇಗಾಲಕ್ಕೆ ಓಗಬಾರ್ದು ಅಂತ ನಮ್ಮತ್ತೆ ಏಳಿರ್ನಿಲ್ಲ." ಆಮೇಲೆ ಮಗನಿಗೆ: "ನೀನು ಕಾಲ್ ತೊಳ್ಕೊಂಡು ಒಳಕ್ಕೆ ಬಾ. ಅವ್ಳ ತಟ್ಟೆ ಮುಂದೆ ಕೂತ್ಕೊ. ಚಂದ್ರಿಕೆಯಿಂದ ಗೂಡು ಬುಡಿಸೋಗಂಟ ಏಳಂಗಿಲ್ಲ."

ಹೀಗೆ, ಯೋಜನೆಯ ಪ್ರಕಾರ ಮರದ ನೆರಳಲ್ಲಿರಬೇಕಿದ್ದ ಪುಟ್ಟಮಲ್ಲಪ್ಪ ಆರು ದಿನ ಹುಳುಮನೆಯಲ್ಲಿದ್ದ. ರತ್ನಿಯನ್ನು ಶಿವರುದ್ರಸ್ವಾಮಿಗಳು ಕಾಮಗೆರೆಯಲ್ಲಿ ಬಸ್ಸು ಹತ್ತಿಸಿಕೊಂಡು ಹೋಗಿ ಕರೆದುಕೊಂಡು ಬಂದರು. ತಂಬಿಗೆಯನ್ನು ಅವರೇ ಹಿಡಿದಿದ್ದರು. ಮೊದಲ ದಿನ ಪುಟ್ಟಮಲ್ಲಪ್ಪ ಹಸಿ ಹುಳುವನ್ನೂ ಹಣ್ಣೆಂದು ಆರಿಸಿದ. ಅವನ ತಾಯಿ ಅವನ ಅಂಗೈಯಲ್ಲಿದ್ದ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ, "ಇದಲ್ಲ. ಇದಲ್ಲ. ಇದು," ಎನ್ನುತ್ತಿದ್ದಳು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ "ಇದಲ್ಲ" ಕಡಿಮೆಯಾಯಿತು. ಗಣಿತದ ಪರೀಕ್ಷೆಯ ದಿನ ಅವನು ಸಂಜೆಯವರೆಗೆ ಒಂದೇ ಒಂದು ತಪ್ಪು ಮಾಡಿದ. ಪ್ರತಿ ಸಂಜೆ ರತ್ನಿ ಅಂಗಳದ ಕಲ್ಲಿನ ಮೇಲೆ ಕೂತು, ಹತ್ತಡಿ ದೂರದಿಂದ, "ಅಪ್ಪ, ಚೆನ್ನಾಗಾಯ್ತು" ಎಂದು ಕೂಗಿ ಹೇಳುತ್ತಿದ್ದಳು. ಅವನು ಒಳಗಿನಿಂದ "ಊಂ" ಎನ್ನುತ್ತಿದ್ದ. ಆ ಬೆಳೆಯಲ್ಲಿ ಆರು ತಟ್ಟೆ ಹಾಳಾಯಿತು. ಅದನ್ನು ಯಾರೂ ಎತ್ತಿ ಆಡಲಿಲ್ಲ.

ಜೂನಿನಲ್ಲಿ ರತ್ನಿಯ ನಂಬರು ಪತ್ರಿಕೆಯಲ್ಲಿ ಬಂತು. ಎಲ್ಲಕ್ಕಿಂತ ಕಡಿಮೆ ಅಂಕ ಬಂದದ್ದು ಚರಿತ್ರೆಯಲ್ಲಿ. ಯಳಂದೂರಿಗೆ ದೊಡ್ಡಬಸಮ್ಮನೇ ಹೇಳಿಕಳಿಸಿದಳು. ಅಲ್ಲಿಯ ಹುಡುಗ ಬೇರೆ ಕಡೆ ಮದುವೆಯಾದ, ಸುಖವಾಗಿದ್ದಾನೆಂದು ಸುದ್ದಿ. ಪುಟ್ಟಮಲ್ಲಪ್ಪ ಟ್ರೈನಿಂಗಿನ ಅರ್ಜಿ ತಂದು ಮಗಳ ಮುಂದಿಟ್ಟ. ಅವಳು ಅದರ ಪಕ್ಕದಲ್ಲಿ ತಾನು ತರಿಸಿಕೊಂಡಿದ್ದ ಇನ್ನೊಂದು ಅರ್ಜಿ ಇಟ್ಟಳು. ಅದು ಬಿತ್ತನೆ ಕೋಠಿಯ ಕೆಲಸದ್ದು. ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕಿತ್ತು. ಅವನು ಎರಡನ್ನೂ ಓದಿ, ಕ್ಯಾಲೆಂಡರನ್ನು ಮಗುಚಿ, ನಡುವಿನ ಎರಡು ಕಲಂಗಳನ್ನು ರಬ್ಬರಿನಿಂದ ಅಳಿಸಿ, ಹೊಸದಾಗಿ ಬರೆದ. ೨೦೦೬ರ ನಿವೃತ್ತಿಯನ್ನು ಹಾಗೇ ಬಿಟ್ಟ.

ಎಪ್ಪತ್ತರ ಮಳೆಗಾಲದಲ್ಲಿ ಅವರ ಮನೆಗೆ ಕೋಠಿಯಿಂದ ರತ್ನಿ ಪರೀಕ್ಷಿಸಿದ ಮೊಟ್ಟೆ ಅಂಟಿದ ಹಾಳೆಗಳು ಬಂದವು. ದೊಡ್ಡಬಸಮ್ಮನಿಗೆ ಆಗ ಏನೂ ಕಾಣುತ್ತಿರಲಿಲ್ಲ. ಹಾಳೆಯ ಮೇಲೆ ಬೆರಳಾಡಿಸಿ ಕೇಳಿದಳು.

"ಇದ ಬೂತಗನ್ನಡೀಲಿ ನೋಡ್ದೋಳು ನಮ್ಮ ರತ್ನಿಯಾ?"

"ಊಂ ಕಣವ್ವ."

"ಅಲ್ಲಿ ಆ ಮೂರು ದಿನ ಒಳಕ್ಕೆ ಬುಡ್ತರಾ?"

ಪುಟ್ಟಮಲ್ಲಪ್ಪ ಅಭ್ಯಾಸಬಲದಿಂದ ಗೋಡೆಯ ಕಡೆ ನೋಡಿದ. ಕ್ಯಾಲೆಂಡರ್ ಇನ್ನೂ ಅಲ್ಲೇ ಇತ್ತು. ಅದರಲ್ಲಿ ಸೊನ್ನೆ ಹಾಕುವುದನ್ನು ಅವನು ಯಾವಾಗಲೋ ನಿಲ್ಲಿಸಿದ್ದ. "ತಾಳು, ನೋಡ್ತೀನಿ," ಎಂದು ಎದ್ದ.

"ಬುಡು, ಓದಬ್ಯಾಡ. ಆವತ್ತು ಓದ್ದೆಯಲ್ಲ, ಸಾಕು." ಅವಳು ಹಾಳೆಯನ್ನು ಮಡಿಲಿಗೆ ಹಾಕಿಕೊಂಡಳು. "ಅನ್ನೊಂದು ದಿನದ ಇಂದೆ ತಾನೆ ಕೂತಿದ್ಲು ಅಂತ ನಂಗೂ ಗೊತ್ತಿತ್ತು ಕಣ್ಲಾ. ಕಣ್ಣು ಮಂಜಾಗಿತ್ತು. ಎಣಿಸೋ ಬೆರಳು ನೆಟ್ಟಗೇ ಇತ್ತು."

ಪುಟ್ಟಮಲ್ಲಪ್ಪ ನಿಂತೇ ಇದ್ದ. "ಮತ್ಯಾಕವ್ವ ಬುಟ್ಟೆ?"

"ನೀನು ನಾಲ್ಕನೇ ಫಾರಮ್ಗಂಟ ಓಗಿದ್ದೆ. ನನ್ ಮುಂದೆ ತಡವರಿಸ್ದೆ ಓದಿದ್ದು ಅದೊಂದೇ ದಿನ," ಎಂದಳು ದೊಡ್ಡಬಸಮ್ಮ. "ಓಗು, ಸೊಪ್ಪು ತಕಂಬಾ. ಮೊಟ್ಟೆ ನಾಳೆ ಒಡೀತವೆ."

ಅವನು ಕುಡುಗೋಲು ತೆಗೆದುಕೊಂಡು ತೋಟದ ಕಡೆ ಹೊರಟ.